ಬಕೆಟ್ ಬಲೆ, ಹುಳು ಸಾಕೋ ಡಬ್ಬಿ: ಮೆಕ್ಕೆಜೋಳದ ಲದ್ದಿ ಹುಳುವಿನ ಹಿಂದೆ ಬಿದ್ದು ಕಟ್ಟಿದ ಸಾಮಾನುಗಳ ಲೆಕ್ಕ

ಈ ಮುಂಗಾರಿಗೆ ನಾನೂ ನನ್ನ ತಮ್ಮನೂ ಸೇರಿ ಎರಡು ಸಾಮಾನು ಕಟ್ಟಿದ್ವಿ, ಒಂದು ಮೆಕ್ಕೆಜೋಳದ ಹೊಲದಲ್ಲಿ ನಿಲ್ಸೋ ಮೋಹಕ ಬಲೆ, ಇನ್ನೊಂದು ಮನೆ ಪಡಸಾಲೇಲಿ ಹುಳು ಸಾಕೋಕೆ ಡಬ್ಬಿ ಸೆಟ್ಟು. ಎರಡೂ ಫಾಲ್ ಸೈನಿಕ ಹುಳುಗೆ, ಅಂದ್ರೆ ಸ್ಪೊಡಾಪ್ಟೆರಾ ಫ್ರುಜಿಪರ್ಡಾಗೆ, ನಮ್ಮ ದಾವಣಗೆರೆ ಕಡೆ ಸುಮ್ನೆ ಲದ್ದಿ ಹುಳು ಅಂದ್ರೆ ಎಲ್ರಿಗೂ ತಿಳಿಯುತ್ತೆ. ಬಲೆ ಹೆಂಗೆ ಮಾಡಿದ್ರಿ ಅಂತ ಕೇಳೋರು ಇದಾರೆ, ಹೊಲ ಹಾಳು ಮಾಡೋ ಹುಳುನ ಮನೇಲಿ ಯಾಕೆ ಸಾಕ್ತೀರಿ ಅಂತ ಕೇಳೋರು ಅದಕ್ಕಿಂತ ಜಾಸ್ತಿ, ಹಂಗಾಗಿ ಎರಡನ್ನೂ ಒಟ್ಟಿಗೆ ಬರೀತಿದೀನಿ.

ಯಾಕೆ ಅನ್ನೋದು ಮೊದಲು. ಈ ಹುಳು ಸಾಮಾನ್ಯವಾಗಿ ಆರು ಹಂತದಲ್ಲಿ ಬೆಳೆಯುತ್ತೆ, ಒಂದು ಹಂತದಿಂದ ಇನ್ನೊಂದಕ್ಕೆ ಹೋಗುವಾಗ ಪೊರೆ ಬಿಡುತ್ತೆ. ಅದು ಜೀವಮಾನದಲ್ಲಿ ತಿನ್ನೋ ಎಲೇಲಿ ಮೊದಲ ಮೂರು ಹಂತದ ಪಾಲು ಶೇ. 2 ಕೂಡ ಇಲ್ಲ, ಕೊನೇ ಹಂತ ಒಂದರದ್ದೇ ಸುಮಾರು ಶೇ. 77. ಅಂದ್ರೆ ಬದುವಿನ ಮೇಲೆ ನಿಂತವನ ಕಣ್ಣಿಗೆ ಸುಳಿ ಹರಿದು ಚಿಂದಿ ಆಗಿರೋದು ಕಾಣ್ತು ಅನ್ನೋಷ್ಟರಲ್ಲಿ ಹುಳುವಿನ ಊಟ ಮುಗೀತಾ ಬಂದಿರುತ್ತೆ, ಆವಾಗ ಅಂಗಡಿಗೆ ಓಡಿ ಔಷಧಿ ತಂದು ಹೊಡದ್ರೆ ಅದು ಸುಳಿ ಒಳಗೆ ತನ್ನ ಹಿಕ್ಕೆ ತಾನೇ ಅಡ್ಡ ಮಾಡ್ಕಂಡು ಕೂತಿರುತ್ತೆ, ಔಷಧಿ ಅಲ್ಲಿ ತನಕ ಇಳಿಯೋದೇ ಇಲ್ಲ. ನಮ್ಮ ಊರಲ್ಲಿ ಮೂರು ಮೂರು ಸಲ ಹೊಡೆದು ದುಡ್ಡು ಕಳ್ಕಂಡೋರನ್ನ ನೋಡಿದೀನಿ, ಹೊಟ್ಟೆ ಉರಿಯುತ್ತೆ. ಔಷಧಿ ಹತ್ತೋದು ಹುಳು ಚಿಕ್ಕದಿದ್ದಾಗ. ಆ ಚಿಕ್ಕ ಹುಳು ಹೊಲದಲ್ಲಿ ಯಾವ ದಿನ ಇರುತ್ತೆ ಅಂತ ತಿಳೀಬೇಕು ಅಂದ್ರೆ ಎರಡು ವಿಷಯ ಬೇಕು: ಈ ಹುಳು ಬೆಳೆದು ಆಗೋ, ಮೊಟ್ಟೆ ಇಡೋ ಪತಂಗ ಯಾವಾಗ ಬಂತು, ಮತ್ತೆ ನಮ್ಮೂರಿನ ಬಿಸಿಲು ಮೋಡಕ್ಕೆ ಮೊಟ್ಟೆ ಎಷ್ಟು ದಿನಕ್ಕೆ ಒಡೆದು ಎಷ್ಟು ದಿನಕ್ಕೆ ಎಷ್ಟು ದೊಡ್ಡ ಹುಳು ಆಗುತ್ತೆ. ಮೊದಲನೇದು ಬಲೆ ಹೇಳುತ್ತೆ, ಎರಡನೇದು ಡಬ್ಬಿ ಹೇಳುತ್ತೆ.

ಇದು ನಮ್ಮ ನೆಲದ ಹುಳು ಅಲ್ಲ ಅನ್ನೋದು ಎಷ್ಟೋ ಜನಕ್ಕೆ ಈಗ ಮರೆತೇ ಹೋಗಿದೆ. ಅಮೆರಿಕ ಖಂಡದ ಬೆಚ್ಚಗಿನ ಜಾಗದ್ದು. ಇದಕ್ಕೆ ಚಳಿಗಾಲದಲ್ಲಿ ಸುಪ್ತಾವಸ್ಥೆಗೆ ಹೋಗೋ ಗುಣ ಇಲ್ಲ, ಹಿಮ ಬಿದ್ರೆ ಸತ್ತೇ ಹೋಗುತ್ತೆ, ಹಂಗಾಗಿ ಅಮೆರಿಕದಲ್ಲಿ ಚಳಿ ಕಳೆಯೋದು ದಕ್ಷಿಣ ಫ್ಲಾರಿಡಾ, ದಕ್ಷಿಣ ಟೆಕ್ಸಾಸ್ ಅಂಥ ಕಡೆ ಮಾತ್ರ, ಆಮೇಲೆ ಬೆಚ್ಚಗಾಗ್ತಿದ್ದಂಗೆ ಒಂದೊಂದು ತಲೆಮಾರೂ ಇನ್ನಷ್ಟು ಉತ್ತರಕ್ಕೆ ಹಾರ್ತಾ ಹಾರ್ತಾ ಕೆನಡಾ ಮುಟ್ಟುತ್ತೆ. ಗಾಳಿ ಜೊತೆ ಸಿಕ್ರೆ ಒಂದೇ ರಾತ್ರಿ 100 ಕಿಲೋಮೀಟರ್ ಹೋಗೋ ಪತಂಗ ಇದು. 2016ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಕಾಣಿಸ್ಕಂತು, 2018ರ ಮೇ ತಿಂಗಳಲ್ಲಿ ನಮ್ಮ ಪಕ್ಕದ ಶಿವಮೊಗ್ಗದಲ್ಲಿ, ಅಲ್ಲಿನ ಕೃಷಿ ಕಾಲೇಜಿನ ಮೆಕ್ಕೆಜೋಳದಲ್ಲೇ ಸಿಕ್ತು. ಶರಣಬಸಪ್ಪ, ಕಲ್ಲೇಶ್ವರಸ್ವಾಮಿ ಮತ್ತು ಜೊತೆಗಾರರು ಅದನ್ನ ಗುರುತು ಹಿಡಿದು ವರದಿ ಮಾಡಿದ್ರು, ಇಡೀ ಏಷ್ಯಾಕ್ಕೆ ಅದೇ ಮೊದಲ ಸುದ್ದಿ. 2019ರ ಶುರುವಿಗೆ ಚೀನಾದ ಯುನ್ನಾನ್, 2020ಕ್ಕೆ ಆಸ್ಟ್ರೇಲಿಯಾ. ನಮ್ಮಲ್ಲಿ ಹಿಮ ಇಲ್ಲ, ಮುಂಗಾರಲ್ಲಿ ಮೆಕ್ಕೆಜೋಳ, ಹಿಂಗಾರಲ್ಲಿ ಬಿಳಿಜೋಳ, ಬೇಸಿಗೇಲಿ ಬೋರ್‌ವೆಲ್ ಕೆಳಗೆ ಮತ್ತೆ ಮೆಕ್ಕೆಜೋಳ ಇಲ್ಲಾ ದನಕ್ಕೆ ನೇಪಿಯರ್ ಹುಲ್ಲು, ಅದಕ್ಕೆ ವರ್ಷಪೂರ್ತಿ ಊಟ ರೆಡಿ.

ಈಗ ಬಲೆ. ಅಂಗಡೀಲಿ ಸಿಗೋ ಫನಲ್ ಬಲೆಗಳಲ್ಲಿ ಉದ್ದ ಪ್ಲಾಸ್ಟಿಕ್ ಚೀಲ ಇರುತ್ತೆ, ಕೆಲಸ ಮಾಡುತ್ತೆ, ಆದ್ರೆ ನಮ್ಮಲ್ಲಿ ಗಾಳಿ ಮಳೆಗೆ ಚೀಲ ತಿರುಚಿ ಬಾಯಿ ಮುಚ್ಕಂತಿತ್ತು. ಅದಕ್ಕೇ ಬಕೆಟ್ ಬಲೆ ಕಟ್ಟಿದ್ವಿ. ಪೇಂಟಿನ ಬಿಳಿ ಬಕೆಟ್, 4 ಲೀಟರ್‌ದು, ಚೆನ್ನಾಗಿ ತೊಳೆದು ವಾಸನೆ ಹೋಗೋ ತನಕ ಬಿಸಿಲಿಗಿಟ್ಟಿದ್ದು. ಮುಚ್ಚಳದ ನಡುವೆ ದುಂಡಗೆ ಕೊಯ್ದು ಹಳದಿ ಪ್ಲಾಸ್ಟಿಕ್ ಲಾಳಿಕೆ ಕೂರಿಸಿದ್ವಿ. ಸೀಮೆಎಣ್ಣೆ ಹಾಕೋ ಲಾಳಿಕೆಯ ಮೂತಿ ಬೆರಳಷ್ಟೇ ಇರುತ್ತೆ, ಪತಂಗ ಅದರಲ್ಲಿ ಇಳಿಯಲ್ಲ, ಅದಕ್ಕೆ ಮೂತಿ ಮೇಲಕ್ಕೇ ಕತ್ತರಿಸಿ ತೂತು ಸುಮಾರು 3 ಸೆಂಟಿಮೀಟರ್ ಮಾಡ್ಕಬೇಕು. ಅಂಚನ್ನ ಹಾಕ್ಸಾ ಬ್ಲೇಡಿಂದ ಕೊಯ್ದು ಸ್ಯಾಂಡ್‌ಪೇಪರ್ ಉಜ್ಜಿ ನುಣ್ಣಗೆ ಮಾಡಿದ್ವಿ, ಒರಟಿದ್ರೆ ಪತಂಗ ಅಲ್ಲೇ ಕಾಲು ಊರ್ಕಂಡು ಮತ್ತೆ ಮೇಲೆ ಹತ್ತುತ್ತೆ. ಲಾಳಿಕೆ ಮೇಲೆ ಮೂರು ಉದ್ದ ಬೋಲ್ಟ್ ನಿಲ್ಸಿ ಹಸಿರು ಪ್ಲಾಸ್ಟಿಕ್ ತಟ್ಟೆ ಬೋರಲು ಹಾಕಿ ಛಾವಣಿ ಮಾಡಿದ್ವಿ, ತಟ್ಟೆಗೂ ಲಾಳಿಕೆ ಬಾಯಿಗೂ ನಡುವೆ ಮೂರು ಬೆರಳು ಸಂದು. ಸಂದು ಜಾಸ್ತಿ ಆದ್ರೆ ಮಳೆ ನುಗ್ಗುತ್ತೆ. ಬಕೆಟ್ ತಳಕ್ಕೆ ಕಾದ ಮೊಳೇಲಿ ತೂತು ಚುಚ್ಚಿ ಒಳಗಿಂದ ಸೊಳ್ಳೆ ಜಾಲರಿ ಅಂಟಿಸಿದ್ವಿ, ಬಿದ್ದ ನೀರು ಸೋರಿಹೋಗ್ಲಿ ಅಂತ.

ಛಾವಣಿ ನಡುವಿಂದ ಬೈಂಡಿಂಗ್ ವೈರಲ್ಲಿ ಸಣ್ಣ ಪಂಜರ ಇಳಿಬಿಟ್ಟು ಅದರೊಳಗೆ ಲೂರ್. ಲೂರ್ ಅಂದ್ರೆ ಹೆಣ್ಣು ಪತಂಗ ರಾತ್ರಿ ಬಿಡೋ ವಾಸನೆಯನ್ನೇ ಹೋಲೋ ರಾಸಾಯನಿಕ ತುಂಬಿದ ರಬ್ಬರ್ ಬಿರಡೆ, ಅದಕ್ಕೆ ಬರೋದು ಗಂಡು ಮಾತ್ರ. ಮುಟ್ಟುವಾಗ ಗ್ಲೌಸ್ ಹಾಕಲೇಬೇಕು, ಬೇರೆ ಹುಳುವಿನ ಲೂರ್ ಮುಟ್ಟಿದ ಕೈಯಲ್ಲಿ ಇದನ್ನ ಮುಟ್ಟಬಾರದು, ಕಾಯಿಕೊರಕದ ಲೂರ್ ಇದ್ದ ಹಳೇ ಬಲೆಗೆ ಇದನ್ನ ಹಾಕಲೂಬಾರದು. ಬಿಚ್ಚದ ಪ್ಯಾಕೆಟ್ ಫ್ರಿಜ್‌ನಲ್ಲಿ ಇರ್ಲಿ, ಹೊಲದಲ್ಲಿ ಹಾಕಿದ್ದನ್ನ ಮೂರು ನಾಲ್ಕು ವಾರಕ್ಕೆ ಬದಲಾಯಿಸಿ, ಹಳೇದನ್ನ ಹೊಲದಲ್ಲೇ ಬಿಸಾಕಬೇಡಿ, ಅದು ಅಲ್ಲೂ ಗಂಡುಗಳನ್ನ ಕರೀತಾ ಇರುತ್ತೆ.

ಬೀಜ ಬಿತ್ತಿದ ವಾರದಲ್ಲೇ ನಿಲ್ಸಿದ್ವಿ, ಮೊಳಕೆ ಬರೋಕೂ ಮುಂಚೆ. ನೋಡೋಕಷ್ಟೇ ಆದ್ರೆ ಎಕರೆಗೆ 5 ಬಲೆ ಅಂತ ಶಿಫಾರಸು ಇದೆ. ಬಿದಿರು ಗೂಟಕ್ಕೆ ಒಂದೂಕಾಲು ಮೀಟರ್ ಎತ್ತರದಲ್ಲಿ ಕಟ್ಟಿ, ಪೈರು ಬೆಳೆದಂಗೆ ಬಲೆನೂ ಮೇಲೆ ಏರಿಸ್ತಾ ಹೋದ್ವಿ, ಪೈರಿನ ತಲೆಗಿಂತ ಒಂದಡಿ ಮೇಲೆ ಇರಬೇಕು, ಇಲ್ಲಾಂದ್ರೆ ಎಲೆ ಅಡ್ಡ ಬಂದು ವಾಸನೆ ಹರಡಲ್ಲ. ಗೂಟಕ್ಕೆ ಗ್ರೀಸ್ ಮೆತ್ತೋದು ಮರೀಬೇಡಿ, ಇರುವೆ ಹತ್ತಿದ್ರೆ ಬೆಳಗ್ಗೆ ಬಕೆಟ್ಟಲ್ಲಿ ಬರೀ ರೆಕ್ಕೆ ಇರುತ್ತೆ, ಲೆಕ್ಕ ಮಾಡೋಕೆ ಏನೂ ಉಳಿಯಲ್ಲ.

ಬಿದ್ದಿದ್ದೆಲ್ಲ ಲದ್ದಿ ಹುಳುವಿನ ಪತಂಗ ಅಂತ ಎಣಿಸಬಾರದು, ಇದನ್ನ ಒತ್ತಿ ಹೇಳ್ತೀನಿ. ಇದೇ ಲೂರ್‌ಗೆ ಲ್ಯುಕೇನಿಯಾ ಲೋರೆಯಿ ಅನ್ನೋ ಬೇರೆ ಪತಂಗನೂ ಬಂದು ಬೀಳುತ್ತೆ, ಅದು ಒಣಹುಲ್ಲಿನ ಬಣ್ಣದ್ದು. ನಮ್ಮದರ ಗಂಡು ಬೂದುಗಂದು ಬಣ್ಣ, ಮುಂದಿನ ರೆಕ್ಕೆಯ ತುದೀಲಿ ತ್ರಿಕೋನದ ಹಂಗೆ ಬಿಳಿ ಮಚ್ಚೆ, ನಡುವೆ ಓರೆಯಾಗಿ ತಿಳಿ ಗೀಟು, ಹಿಂದಿನ ರೆಕ್ಕೆ ಬೆಳ್ಳಗೆ ಮಿನುಗುತ್ತೆ. ಹೆಣ್ಣಿಗೆ ಆ ಮಚ್ಚೆ ಇರಲ್ಲ, ಒಂದೇ ಮಂಕು ಬೂದು. ರೆಕ್ಕೆ ಬಿಚ್ಚಿದ್ರೆ ಈ ತುದಿಯಿಂದ ಆ ತುದಿಗೆ 3ರಿಂದ 4 ಸೆಂಟಿಮೀಟರ್. ಬಕೆಟ್ಟಿಗೆ ಸೋಪಿನ ನೀರು ಹಾಕಿದ್ರೆ ಸಾಯೋದು ಬೇಗ ಸಾಯ್ತವೆ ಆದ್ರೆ ರೆಕ್ಕೆ ಮೇಲಿನ ಹುಡಿ ಎಲ್ಲ ಹೋಗಿ ಗುರುತು ಸಿಗಲ್ಲ, ನಾವು ಒಣ ಬಕೆಟ್ಟೇ ಇಟ್ಟು ಬೆಳಗಿನ ತಂಪಲ್ಲಿ ಬಿಚ್ಚಿ ನೋಡ್ತಿದ್ವಿ, ನೋಡಾದ್ಮೇಲೆ ಸೋಪಿನ ನೀರಿಗೆ.

ಇನ್ನು ಸಾಕೋ ಸೆಟ್ಟು. ನಮ್ಮ ಹೊಲದಲ್ಲೇ ಸಿಕ್ಕ ಮೊಟ್ಟೆ ಗುಂಪು ಮಾತ್ರ ಬಳಸಿದ್ವಿ, ಬೇರೆ ಊರಿಂದ ತರೋದು ಬೇರೆ ಊರಿಗೆ ಕೊಡೋದು ಎರಡೂ ಬೇಡ. ಮೊಟ್ಟೆ ಹುಡುಕೋದು ಎಳೇ ಪೈರಿನ ಎಲೆ ಮಗುಚಿ ನೋಡಿ. ನೂರಿನ್ನೂರು ಮೊಟ್ಟೆ ಒಂದೇ ಕಡೆ ಪದರ ಪದರವಾಗಿ, ಮೇಲೆ ಹೆಣ್ಣು ತನ್ನ ಮೈಮೇಲಿನ ಬೂದು ಹುಡಿಯನ್ನೇ ಹೊದಿಸಿರುತ್ತೆ, ದೂರದಿಂದ ಬೂಷ್ಟು ಹಿಡಿದಂಗೆ ಕಾಣುತ್ತೆ. ಒಂದು ಹೆಣ್ಣು ಜೀವಮಾನದಲ್ಲಿ ಸಾವಿರದ ಆಸುಪಾಸು ಇಡುತ್ತೆ, ಕೆಲವು ಅದಕ್ಕೂ ಜಾಸ್ತಿ. ಆ ಎಲೆ ತುಂಡನ್ನ ಕತ್ತರಿಸಿ ಅಗಲ ಬಾಯಿ ಉಪ್ಪಿನಕಾಯಿ ಬಾಟಲಿಗೆ ಹಾಕಿ, ಬಾಯಿಗೆ ಎರಡು ಮಡಿಕೆ ತೆಳು ಪಂಚೆ ಬಟ್ಟೆ ಬಿಗಿದು ರಬ್ಬರ್ ಬ್ಯಾಂಡ್ ಹಾಕಿದ್ವಿ. ಸೊಳ್ಳೆ ಪರದೆ ಬಟ್ಟೆ ಇಲ್ಲಿ ಸಾಲದು, ಆಗ ತಾನೇ ಹುಟ್ಟಿದ ಮರಿ ಅದರ ಕಣ್ಣಲ್ಲಿ ನುಸುಳಿ ಹೋಗುತ್ತೆ.

ಎರಡು ಮೂರು ದಿನಕ್ಕೆ ಮೊಟ್ಟೆ ಕಪ್ಪಗಾಗಿ ಒಡೀತವೆ. ಕಪ್ಪು ತಲೆ, ತಿಳಿ ಮೈ, ಒಂದು ಮಿಲಿಮೀಟರಿನ ಚೂರು. ಮೊದಲು ತಾವು ಬಿಟ್ಟು ಬಂದ ಚಿಪ್ಪನ್ನೇ ತಿಂತವೆ. ಆಮೇಲೆ ಎಳೆ ಬಿಟ್ಕಂಡು ಇಳಿಬೀಳ್ತವೆ, ಬಾಟಲಿ ಅಲ್ಲಾಡಿಸಿದ್ರೆ ಬಟ್ಟೆಯಿಂದ ಸಾಲಾಗಿ ಎಳೇಲಿ ತೂಗಾಡೋದು ಕಾಣುತ್ತೆ. ಹೊಲದಲ್ಲಿ ಇದೇ ಎಳೆ ಹಿಡ್ಕಂಡು ಗಾಳಿಗೆ ಪಕ್ಕದ ಗಿಡಕ್ಕೆ ಹೋಗ್ತವೆ, ಅದಕ್ಕೇ ಶುರುವಲ್ಲಿ ಹಾನಿ ಹೊಲದ ತುಂಬ ಇರಲ್ಲ, ಅಲ್ಲಲ್ಲಿ ಗುಂಪು ಗುಂಪು ಗಿಡದಲ್ಲಿ ಇರುತ್ತೆ. ಎಲೆ ಮೇಲೆ ಕೆರೆದ ಗುರುತು, ಹಸಿರು ಹೋಗಿ ತೆಳು ಪೊರೆ ಉಳಿದ ಕಿಟಕಿ, ಅದನ್ನ ಬಿಸಿಲಿಗೆ ಹಿಡಿದ್ರೆ ಆರಪಾರ ಕಾಣುತ್ತೆ. ಈ ಗುರುತು ಕಂಡ ದಿನವೇ ಏನಾದ್ರೂ ಮಾಡೋ ದಿನ.

ಮೂರನೇ ಹಂತದಿಂದ ಒಂದು ಕಪ್ಪಿಗೆ ಒಂದೇ ಹುಳು. ಟೀ ಅಂಗಡೀಲಿ ಸಿಗೋ ಮುಚ್ಚಳದ ಸಣ್ಣ ಪ್ಲಾಸ್ಟಿಕ್ ಕಪ್ಪು ತಂದು, ಮುಚ್ಚಳಕ್ಕೆ ಬಿಸಿ ಸೂಜೀಲಿ ತೂತು, ತಳಕ್ಕೆ ಟಿಶ್ಯೂ ಪೇಪರ್. ಕೂಡಿ ಹಾಕಿದ್ರೆ ಒಂದನ್ನೊಂದು ತಿಂದುಬಿಡ್ತವೆ, ಎಲೆ ಎಷ್ಟೇ ಹಾಕಿದ್ರೂ ಬಿಡಲ್ಲ, ದೊಡ್ಡದು ಚಿಕ್ಕದರ ಪಕ್ಕೆಗೆ ಬಾಯಿ ಹಾಕುತ್ತೆ. ಹೊಲದ ಸುಳೀಲಿ ಕೊನೆಗೆ ಒಂದೋ ಎರಡೋ ಹುಳು ಮಾತ್ರ ಸಿಗೋದೂ ಇದಕ್ಕೇ. ಹುಳು ಎತ್ತೋಕೆ ಮಕ್ಕಳ ವಾಟರ್ ಕಲರಿನ ಅತಿ ಸಣ್ಣ ಬ್ರಷ್, ಚಿಮಟ ಬಳಸಬೇಡಿ, ಮೈ ಒಡೆಯುತ್ತೆ. ದಿನಾ ಬೆಳಗ್ಗೆ ಹಿಕ್ಕೆ ಕೊಡವಿ, ಟಿಶ್ಯೂ ಬದಲಿಸಿ, ಒರೆಸಿದ ಎಲೆ. ತೊಳೆದ ಒದ್ದೆ ಎಲೆ ಹಾಕಿದ್ರೆ ಕಪ್ಪಿನ ಒಳಗೆ ಬೆವರು ಕೂತು ಹುಳು ಕೊಳೆಯುತ್ತೆ.

ನಾಲ್ಕನೇ ಹಂತ ದಾಟಿದ ಹುಳುನ ಕೈಗೆತ್ಕಂಡು ಲೆನ್ಸ್ ಹಿಡಿದು ನೋಡ್ಬೇಕು. ತಲೆ ಮುಂದೆ ತಿಳಿ ಬಣ್ಣದ ಗೀಟು, ಇಂಗ್ಲಿಷಿನ ವೈ ಅಕ್ಷರ ತಲೆಕೆಳಗು ಮಾಡಿದಂಗೆ. ಬಾಲದ ಕಡೆ, ಕೊನೆಯಿಂದ ಒಂದೆರಡು ಗೆಣ್ಣು ಈಚೆ, ನಾಲ್ಕು ಕಪ್ಪು ಚುಕ್ಕೆ ಸರಿ ಚೌಕವಾಗಿ, ಪ್ರತಿ ಚುಕ್ಕೇಲೂ ಒಂದು ಕೂದಲು. ಬೇರೆ ಗೆಣ್ಣುಗಳ ಮೇಲೂ ಚುಕ್ಕೆ ಇದಾವೆ, ಆದ್ರೆ ಅವು ಚಿಕ್ಕವು, ಚೌಕವಾಗಿ ಕೂತಿರಲ್ಲ. ಮೈಬಣ್ಣ ನಂಬಬೇಡಿ, ಒಂದೇ ಗುಂಪಿನ ಮೊಟ್ಟೆಯಿಂದ ಹಸಿರು, ಕಂದು, ಹೆಚ್ಚುಕಡಿಮೆ ಕಪ್ಪು ಮೂರೂ ಬಂದ್ವು. ಮೊದಲಿಂದ ಇಲ್ಲೇ ಇದ್ದ ನಮ್ಮ ಹಳೇ ಸೈನಿಕ ಹುಳುಗೆ ಈ ಚೌಕ ಇಲ್ಲ, ಅದರ ಪಟ್ಟಿಗಳು ಬೇರೆ.

ಹುಳು ಹಂತ ಒಟ್ಟು 14ರಿಂದ 19 ದಿನ ಅಂತ ಶಿವಮೊಗ್ಗದವರು ಮೆಕ್ಕೆಜೋಳದ ಮೇಲೆ ಸಾಕಿ ಬರೆದಿದಾರೆ, ನಮ್ಮದೂ ಅದರೊಳಗೇ ಬಂತು. ಮೋಡ ಹಾಕಿ ಜಡಿಮಳೆ ಹಿಡಿದ ವಾರ ಎಲ್ಲ ಕಪ್ಪಲ್ಲೂ ಬೆಳವಣಿಗೆ ನಿಧಾನ ಆಗಿದ್ದು ಕಣ್ಣಿಗೇ ಕಾಣ್ತು. ಅಮೆರಿಕದ ಲೆಕ್ಕದಲ್ಲಿ ಬೇಸಿಗೇಲಿ ಮೊಟ್ಟೆಯಿಂದ ಪತಂಗದ ತನಕ ಒಂದು ಸುತ್ತು 30 ದಿನ, ಮಧ್ಯಮ ತಂಪಲ್ಲಿ 60, ಚಳೀಲಿ 80ರಿಂದ 90. ಹಂಗಾಗಿ ಪಕ್ಕದ ಜಿಲ್ಲೆಯ ದಿನಗಳನ್ನ ಕಣ್ಣು ಮುಚ್ಚಿ ತಗಳ್ಳೋ ಬದಲು ನಿಮ್ಮ ಪಡಸಾಲೇಲಿ ನೀವೇ ಬರ್ಕಳ್ಳಿ, ಕಪ್ಪಿನ ಪಕ್ಕ ಒಂದು ಥರ್ಮಾಮೀಟರ್ ತೂಗುಹಾಕಿ.

ಊಟ ಬಿಟ್ಟು ಮೈ ಕುಗ್ಗಿಸ್ಕಂಡು ಕಪ್ಪಿನ ತಳ ಸುತ್ತೋಕೆ ಶುರು ಮಾಡಿದ್ರೆ ಮಣ್ಣು ಬೇಕು ಅಂತ ಅರ್ಥ. ಜರಡಿ ಹಿಡಿದ ಹೊಲದ ಮಣ್ಣು, ಅದಕ್ಕೆ ಅರ್ಧ ಮರಳು, ಮುಷ್ಟಿ ಕಟ್ಟಿದ್ರೆ ನಿಲ್ಲೋಷ್ಟು ತೇವ, ಡಬ್ಬೀಲಿ ನಾಲ್ಕು ಬೆರಳು ಆಳ. ಮಣ್ಣಿನ ಕಣಗಳನ್ನೇ ಎಳೇಲಿ ಅಂಟಿಸಿ ಸಣ್ಣ ಗೂಡು ಮಾಡಿ ಒಳಗೆ ಕೋಶ ಆಗುತ್ತೆ, ಅಂದ್ರೆ ಹುಳು ಪತಂಗ ಆಗೋ ಮುಂಚಿನ ಹಂತ. ಮೊದಲ ದಿನ ಹಸಿರು ಮಿಶ್ರಿತ ತಿಳಿ ಬಣ್ಣ, ಮುಟ್ಟಿದ್ರೆ ಮೆತ್ತಗೆ, ಮಾರನೇ ದಿನಕ್ಕೆ ಕೆಂಪುಗಂದು ಗಟ್ಟಿ. ಬಾಲ ಹಿಡಿದಂಗೆ ಎತ್ತಿದ್ರೆ ಸೊಂಟ ತಿರುಗಿಸುತ್ತೆ. ಹೊಲದಲ್ಲೂ ಹಿಂಗೇ ಮಣ್ಣಲ್ಲಿ 2ರಿಂದ 8 ಸೆಂಟಿಮೀಟರ್ ಒಳಗೇ ಇರೋದು, ಹಂಗಾಗಿ ಕೊಯ್ಲಾದ ತಕ್ಷಣ ಆಳಕ್ಕೆ ಉಳುಮೆ ಮಾಡಿದ್ರೆ ಬೆಳ್ಳಕ್ಕಿ ಬಂದು ಆರಿಸ್ತವೆ. 9ರಿಂದ 12 ದಿನಕ್ಕೆ ಪತಂಗ.

ಪತಂಗಕ್ಕೆ ಗೂಡು ಬೇರೆ ಕಟ್ಟಿದ್ವಿ. ಪಿವಿಸಿ ಪೈಪಿನ ಚೌಕಟ್ಟು, ಎರಡಡಿ ಘನ, ಸುತ್ತ ಹಳೇ ಸೊಳ್ಳೆ ಪರದೆ ಹೊಲಿದು ಒಂದು ಕಡೆ ಕೈ ಹಾಕೋಕೆ ತೋಳಿನ ಹಂಗೆ ಬಟ್ಟೆ. ಒಳಗೆ ಜೇನು ಬೆರೆಸಿದ ನೀರಲ್ಲಿ ಅದ್ದಿದ ಹತ್ತಿ, ಒಂದು ಲೋಟದಲ್ಲಿ ಮೆಕ್ಕೆಜೋಳದ ಸಸಿ. ಹಗಲಲ್ಲಿ ಮೂಲೇಲಿ ರೆಕ್ಕೆ ಮಡಚ್ಕಂಡು ಕೂತಿರ್ತವೆ, ಕತ್ತಲಾದ್ಮೇಲೆ ಹಾರಾಟ. ಹೊರಗೆ ಬಂದ ಹೆಣ್ಣು ತಕ್ಷಣ ಮೊಟ್ಟೆ ಇಡಲ್ಲ, ಮೂರು ನಾಲ್ಕು ದಿನ ತಗಳ್ಳುತ್ತೆ, ದೂರ ಹಾರೋದೂ ಆ ದಿನಗಳಲ್ಲೇ. ಮೊಟ್ಟೆ ಸಸಿ ಮೇಲೂ ಇಡ್ತು, ಪರದೆ ಮೇಲೂ ಇಡ್ತು, ಪೈಪಿನ ಮೇಲೂ ಇಡ್ತು. ಒಂದು ಸುತ್ತು ಮುಗಿದ ಮೇಲೆ ಉಳಿದಿದ್ದನ್ನೆಲ್ಲ ಕವರಲ್ಲಿ ಕಟ್ಟಿ ಫ್ರೀಜರಿಗೆ ಇಟ್ಟು ಸಾಯಿಸಿದ್ವಿ, ಒಂದನ್ನೂ ಹೊರಗೆ ಬಿಟ್ಟಿಲ್ಲ, ನೀವೂ ಬಿಡಬೇಡಿ.

ಊಟದ ಗಿಡಗಳ ಪರೀಕ್ಷೆ ನನಗೆ ಎಲ್ಲಕ್ಕಿಂತ ಇಷ್ಟ ಆದ ಭಾಗ. ಈ ಹುಳು 76 ಸಸ್ಯ ಕುಟುಂಬಗಳ 353 ಗಿಡಗಳ ಮೇಲೆ ಸಿಕ್ಕಿದ್ದು 2018ರಲ್ಲಿ ಪಟ್ಟಿಯಾಗಿದೆ, ಅದರಲ್ಲಿ 106 ಹುಲ್ಲಿನ ಕುಟುಂಬದ್ದು. ನಾವು ಮನೆ ಸುತ್ತ ಸಿಗೋವನ್ನ ಮಾತ್ರ ಹಾಕಿದ್ವಿ: ಮೆಕ್ಕೆಜೋಳ, ಬಿಳಿಜೋಳ, ರಾಗಿ, ನೇಪಿಯರ್, ಗರಿಕೆ, ಅಲಸಂದೆ, ಶೇಂಗಾ. ಮೆಕ್ಕೆಜೋಳದ ಎಳೇ ಸುಳಿ ಎಲೆ ತಿಂದವು ಎಲ್ಲಕ್ಕಿಂತ ಬೇಗ ದಪ್ಪ ಆದ್ವು, ಬಿಳಿಜೋಳ ಅದರ ಹಿಂದೆನೇ. ನೇಪಿಯರ್ ಎಳೇದಾದ್ರೆ ತಿಂದ್ವು, ಬಲಿತ ಎಲೆ ಅಂಚು ಮಾತ್ರ ಕೆರೆದು ಬಿಟ್ವು. ರಾಗಿ ಮತ್ತೆ ಗರಿಕೆ ಮೇಲೆ ನಿಧಾನ, ಕೋಶವೂ ಚಿಕ್ಕದು, ಆದ್ರೆ ಪತಂಗ ಬಂತು. ಶೇಂಗಾ, ಅಲಸಂದೆ ಮೇಲೆ ಮೊದಲ ಹಂತದ ಮರಿಗಳನ್ನೇ ಬಿಟ್ಟಾಗ ಸುಮಾರು ಸತ್ತೋದ್ವು, ಮೆಕ್ಕೆಜೋಳ ತಿಂದು ಸ್ವಲ್ಪ ದೊಡ್ಡದಾದವನ್ನ ಹಾಕಿದಾಗ ಎಳೆ ಎಲೆ ಚೆನ್ನಾಗೇ ತಿಂದ್ವು. ಬದುವಿನ ಗರಿಕೆ ಮೇಲೂ ಇದು ಸುತ್ತು ಮುಗಿಸಬಲ್ಲದು ಅಂತ ಕಣ್ಣಾರೆ ನೋಡಿದ ಮೇಲೆ, ಹೊಲ ಖಾಲಿ ಇದ್ರೆ ಹುಳು ಸಾಯುತ್ತೆ ಅನ್ನೋ ಮಾತನ್ನ ನಾನು ಒಪ್ಪಲ್ಲ. ಇದರಲ್ಲಿ ಮೆಕ್ಕೆಜೋಳ ಇಷ್ಟಪಡೋ ಬಳಗ, ಭತ್ತ-ಹುಲ್ಲು ಇಷ್ಟಪಡೋ ಬಳಗ ಅಂತ ಎರಡಿದಾವೆ, ನೋಡೋಕೆ ಎರಡೂ ಒಂದೇ ಥರ, ಡಿಎನ್‌ಎ ಪರೀಕ್ಷೇಲೇ ಗೊತ್ತಾಗೋದು.

ಹೊಲದಿಂದ ತಂದ ದೊಡ್ಡ ಹುಳುಗಳ ಕಪ್ಪಲ್ಲಿ ಇನ್ನೊಂದು ಸಂಗತಿ ಸಿಕ್ತು. ಕೆಲವು ಊಟ ಬಿಟ್ಟು ಎಲೆಗೆ ಅಂಟ್ಕಂಡು ಬಿರುಸಾದ್ವು, ಮೈಮೇಲೆ ಬಿಳೀ ಬೂಷ್ಟು, ಒಂದೆರಡು ದಿನಕ್ಕೆ ಅದು ತಿಳಿ ಹಸಿರು ಹುಡಿ ಆಯ್ತು. ಇದು ಮೆಟಾರೈಜಿಯಂ ರಿಲೈ ಅನ್ನೋ ಶಿಲೀಂಧ್ರ, ಹಳೇ ಹೆಸರು ನೊಮುರಿಯಾ, ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ಇದರ ಮೇಲೆ ಬಹಳ ಹಿಂದಿಂದ ಕೆಲಸ ಮಾಡಿದಾರೆ. ತಂಪು, ತೇವ ಇದ್ದಾಗ ಹೊಲದಲ್ಲಿ ತಾನೇ ಹರಡುತ್ತೆ. ಇನ್ನೊಂದು ಕಪ್ಪಲ್ಲಿ ಹುಳು ಮಧ್ಯದಲ್ಲೇ ಸುಕ್ಕಾಗಿ ಪಕ್ಕದಲ್ಲಿ ಒಂದು ಸಣ್ಣ ಗೂಡು, ಅದರಿಂದ ಕಣಜದ ಜಾತಿಯ ತೆಳು ಕೀಟ ಹೊರಗೆ ಬಂತು. ಲದ್ದಿ ಹುಳುನೇ ತಿಂದು ಬೆಳೆಯೋದು ಅಂತ ಆ ಒಂದು ಕೀಟನ ಮಾತ್ರ ಹೊಲಕ್ಕೆ ಒಯ್ದು ಬಿಟ್ವಿ. ಶಿಲೀಂಧ್ರ ಬಂದ ಕಪ್ಪನ್ನ ಬೇರೆ ಇಟ್ಟು, ಬ್ರಷ್ಷೂ ಸೇರಿ ಎಲ್ಲನೂ ಬ್ಲೀಚಿಂಗ್ ನೀರಲ್ಲಿ ತೊಳೀಬೇಕು, ಇಲ್ಲಾಂದ್ರೆ ಇಡೀ ಸೆಟ್ಟಿಗೆ ಹರಡುತ್ತೆ.

ಈಗ ಇವೆರಡನ್ನೂ ಸೇರಿಸಿ ನಾವು ನಡೆಸ್ತಿರೋ ಲೆಕ್ಕ ಹಿಂಗಿದೆ. ಬಲೇಲಿ ಗಂಡು ಒಮ್ಮೆಗೇ ಜಾಸ್ತಿ ಬಿದ್ರೆ ಕ್ಯಾಲೆಂಡರಿನಲ್ಲಿ ಗುರುತು. ಹೆಣ್ಣು ಮೊಟ್ಟೆ ಇಡೋಕೆ ಮೂರು ನಾಲ್ಕು ದಿನ, ಮೊಟ್ಟೆ ಒಡೆಯೋಕೆ ಎರಡು ಮೂರು ದಿನ, ಅಂದ್ರೆ ವಾರದೊಳಗೆ ಎಲೆ ಮಗುಚಿ ನೋಡೋಕೆ ಇಳೀಬೇಕು. ಬದುವಿನ ಗಿಡ ಮಾತ್ರ ನೋಡದೆ ಹೊಲದೊಳಗೆ ಅಂಕುಡೊಂಕಾಗಿ ನಡೆದು ಐದು ಕಡೆ ನಿಂತು ನಿಂತಲ್ಲಿ ಹತ್ತಿಪ್ಪತ್ತು ಗಿಡ. ಮೊಟ್ಟೆ ಗುಂಪು ಸಿಕ್ರೆ ಅಲ್ಲೇ ಹೊಸಕಿ. ನೂರಕ್ಕೆ ಐದು ಗಿಡದಲ್ಲಿ ಕಿಟಕಿ ಗುರುತು ಬಂದ್ರೆ ಶೇ. 5ರ ಬೇವಿನ ಬೀಜದ ಕಷಾಯ, ಸಂಜೆ ಹೊತ್ತು, ನಾಜಲ್ ಸುಳಿಗೇ ಹಿಡಿದು. ಅದಕ್ಕೂ ಮೀರಿದ್ರೆ ಎಮಾಮೆಕ್ಟಿನ್ ಬೆಂಜೊಯೇಟ್ ಅನ್ನೋ ಕೀಟನಾಶಕ, ಲೀಟರ್ ನೀರಿಗೆ 0.4 ಗ್ರಾಂ, ಹುಳು ಮೂರನೇ ಹಂತ ದಾಟೋ ಮುಂಚೆ. ಅಪ್ಪ ಮೊದಲು ಈ ಡಬ್ಬಿಗಳನ್ನ ನೋಡಿ ಮುಖ ಸಿಂಡರಿಸ್ತಿದ್ರು, ಈಗ ಬೆಳಗ್ಗೆ ಟೀ ಕುಡಿಯೋ ಮುಂಚೆ ಬಕೆಟ್ ಬಿಚ್ಚಿ ಬಿಳಿ ಮಚ್ಚೆ ಇರೋವನ್ನ ಬೇರೆ ಎಣಿಸಿ ತಾವೇ ಬರೀತಾರೆ.

ಹಿಂಗಾರಿಗೆ ಬಿಳಿಜೋಳ ಬಿತ್ತೋ ಹೊಲಕ್ಕೆ ಇನ್ನೆರಡು ಬಕೆಟ್ ಕಟ್ಟೋದಿದೆ, ಈ ಸಲ ಛಾವಣಿಗೆ ತಟ್ಟೆ ಬದಲು ಅಗಲದ ಬೇಸಿನ್ ಹಾಕ್ತೀವಿ, ಓರೆ ಮಳೆಗೆ ತಟ್ಟೆ ಅಂಚು ಸಾಲ್ತಾ ಇಲ್ಲ. ಡಬ್ಬೀಲಿ ಕಬ್ಬಿನ ಎಳೆ ಸುಳಿ, ಸೋಯಾ ಎರಡನ್ನೂ ಊಟಕ್ಕೆ ಇಟ್ಟು ನೋಡ್ಬೇಕು, ಪಕ್ಕದ ಹೊಲದ ಮಾವ ಕಬ್ಬು ನೆಟ್ಟಿದಾರೆ, ಅವರಿಗೂ ಆ ಲೆಕ್ಕ ಬೇಕಂತೆ.